ಹಾಲ್‌ಷ್ಟಾಟ್‌ಗೆ ಬಾಡಿಗೆ ಕಾರು ಒಳ್ಳೆಯದಾ, ರೈಲಾ? ಅತ್ತೆ-ಮಾವ, ಮಗು ಜೊತೆಗಿದ್ದಾರೆ

ಮೈಸೂರಿನ ಸೊಸೆ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ನಾವು ಐದು ಜನ ಆಸ್ಟ್ರಿಯಾಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಆರು ವರ್ಷದ ಮಗಳು. ವಿಯೆನ್ನಾದಲ್ಲಿ ಇಳಿದು, ಸಾಲ್ಸ್‌ಬರ್ಗ್ ನೋಡಿಕೊಂಡು, ಮ್ಯೂನಿಕ್‌ನಿಂದ ಬೆಂಗಳೂರಿಗೆ ವಾಪಸ್. ನಡುವೆ ಹಾಲ್‌ಷ್ಟಾಟ್ ನೋಡಲೇಬೇಕು ಅಂತ ಮಾವನವರ ಆಸೆ. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಯೂರೋಪಿನ ಕಬ್ಬಿಣ ಯುಗದ ಮೊದಲ ಘಟ್ಟಕ್ಕೆ ಆ ಊರಿನ ಹೆಸರೇ ಇಟ್ಟಿದ್ದಾರಂತೆ. ಫೋಟೋಗಿಂತ ಅವರಿಗೆ ಅದೇ ಮುಖ್ಯ.

ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಸಮತಟ್ಟಾದ ಕಡೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ನಾಲ್ಕು ದೊಡ್ಡ ಸೂಟ್‌ಕೇಸ್ ಬೇರೆ. ಏಜೆಂಟ್ ಹೇಳುವುದು, ವಿಯೆನ್ನಾದಿಂದ ಸಾಲ್ಸ್‌ಬರ್ಗ್‌ಗೆ ಕಾರು ಮಾಡಿಕೊಳ್ಳಿ, ದಾರಿಯಲ್ಲಿ ಹಾಲ್‌ಷ್ಟಾಟ್‌ನಲ್ಲಿ ಮೂರು ಗಂಟೆ ನಿಲ್ಲಿಸುತ್ತಾರೆ ಅಂತ. ರೈಲಿಗೆ ಹೋಲಿಸಿದರೆ ದುಡ್ಡು ಜಾಸ್ತಿ. ಅಷ್ಟು ಕೊಡೋದು ಸರೀನಾ? ಮೂರು ಗಂಟೆ ಸಾಕಾಗುತ್ತಾ? ಎಲ್ಲರೂ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡೋದು?

ಲಿಂಜ್ ಕನ್ನಡಿಗ:

ಮೇಡಂ, ನಾನು ಇರೋದು ಲಿಂಜ್‌ನಲ್ಲಿ. ಊರಿನಿಂದ ಯಾರೇ ಬಂದರೂ ಹಾಲ್‌ಷ್ಟಾಟ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ನಿಮ್ಮ ಮನೆಯವರಿಗೆ ಕಾರೇ ಸರಿ. ಆದರೆ ಆ ಮೂರು ಗಂಟೆಯ ಪ್ಲಾನ್ ಮಾತ್ರ ದಯವಿಟ್ಟು ಬೇಡ. ಕಾರಿನಲ್ಲಿ ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ.

ರೈಲು ಯಾಕೆ ಬೇಡ ಅಂದರೆ, ವಿಯೆನ್ನಾದಿಂದ ಬಂದರೆ ಆಟ್ನಾಂಗ್-ಪುಖ್‌ಹೈಮ್‌ನಲ್ಲಿ ಇಳಿದು ರೈಲು ಬದಲಾಯಿಸಬೇಕು. ಹಾಲ್‌ಷ್ಟಾಟ್ ಸ್ಟೇಷನ್ ಇರುವುದು ಊರಿನಲ್ಲಲ್ಲ, ಸರೋವರದ ಆಚೆ ದಡದಲ್ಲಿ. ಅಲ್ಲಿಂದ ಇಳಿಜಾರಿನಲ್ಲಿ ಕೆಳಗೆ ಬಂದು ಸಣ್ಣ ದೋಣಿ ಹತ್ತಬೇಕು. ನಾಲ್ಕು ಸೂಟ್‌ಕೇಸ್ ಎಳೆಯುತ್ತಾ ಅತ್ತೆಯವರ ಕೈ ಹಿಡಿಯುವವರು ಯಾರು, ಹೇಳಿ. ಸಂಜೆ ತಡವಾಗಿ ಬರುವ ರೈಲುಗಳಿಗೆ ದೋಣಿ ಇರುವುದಿಲ್ಲ, ಅದೂ ನೆನಪಿರಲಿ.

ಕಾರಾದರೆ ವಿಯೆನ್ನಾದಿಂದ ಸುಮಾರು ಮೂರೂವರೆ ಗಂಟೆ. ದರ ಕಾರಿಗೆ, ತಲೆಗಲ್ಲ. ಹಾಗಾಗಿ ಐದು ಜನಕ್ಕೆ ಹಂಚಿದರೆ ಅಷ್ಟೇನೂ ಭಾರ ಅನಿಸುವುದಿಲ್ಲ. ಐದು ಜನ, ನಾಲ್ಕು ಸೂಟ್‌ಕೇಸ್ ಅಂದರೆ ಮಾಮೂಲಿ ಕಾರು ಸಾಲದು, ವ್ಯಾನ್ ಕೇಳಿ. ಮಗುವಿಗೆ ಸೀಟ್ ಬೇಕು ಅಂತ ಮೊದಲೇ ಹೇಳಿ. ಇಲ್ಲಿ 14 ವರ್ಷದೊಳಗಿನ, 135 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಅವರ ಅಳತೆಯ ಸೀಟ್ ಹಾಕಬೇಕು ಅನ್ನುವುದು ನಿಯಮ. ಹೆದ್ದಾರಿ ಸುಂಕ, ಪಾರ್ಕಿಂಗ್, ಕಾಯುವ ಸಮಯ, ವಿಮಾನ ತಡವಾದರೆ ಏನು, ಇಷ್ಟನ್ನೂ ಬರಹದಲ್ಲಿ ತರಿಸಿಕೊಳ್ಳಿ. ಸುಮ್ನೆ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಆಸ್ಟ್ರಿಯಾದ ಟ್ಯಾಕ್ಸಿಗಳ ನಂಬರ್ ಪ್ಲೇಟ್ ಕೊನೆಗೆ ಟಿಎಕ್ಸ್ ಅಂತ ಇರುತ್ತದೆ, ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಊರಿನ ನಡುಭಾಗಕ್ಕೆ ಹೊರಗಿನ ಕಾರು ಬಿಡುವುದಿಲ್ಲ. ಊರಿಗೂ ಬೆಟ್ಟಕ್ಕೂ ನಡುವೆ ಜಾಗವೇ ಇಲ್ಲ, ದೊಡ್ಡ ರಸ್ತೆ ಬೆಟ್ಟದೊಳಗಿನ ಸುರಂಗದಲ್ಲಿ ಹೋಗುತ್ತದೆ. ಡ್ರೈವರ್ ನಿಮ್ಮನ್ನು ಲಾನ್ ಎಂಬ ದಕ್ಷಿಣದ ಬಡಾವಣೆಯಲ್ಲೋ ಪಾರ್ಕಿಂಗ್ ಹತ್ತಿರವೋ ಇಳಿಸುತ್ತಾರೆ. ಲಗೇಜ್ ತರಲು ಗಾಡಿ ಕಳಿಸುತ್ತೀರಾ ಅಂತ ಹೋಟೆಲಿನವರನ್ನು ರೂಮ್ ಬುಕ್ ಮಾಡುವಾಗಲೇ ಕೇಳಿ. ಲಾನ್‌ನಿಂದ ಮಾರ್ಕ್ಟ್‌ಪ್ಲಾಟ್ಸ್ ಚೌಕದವರೆಗೆ ನೀರಿನ ಪಕ್ಕದಲ್ಲೇ ದಾರಿ. ಕಾಲು ಗಂಟೆಯ ನಡಿಗೆ, ಬಹುಪಾಲು ಸಮತಟ್ಟು. ಅತ್ತೆಯವರು ಧೈರ್ಯವಾಗಿ ಬರಬಹುದು.

ರಾತ್ರಿ ಉಳಿಯಿರಿ ಅಂದಿದ್ದಕ್ಕೆ ಕಾರಣ ಇದೆ. ಏಳುನೂರು ಚಿಲ್ಲರೆ ಜನ ಇರುವ ಊರಿಗೆ ಸೀಸನ್‌ನಲ್ಲಿ ಕೆಲವು ದಿನ ಹತ್ತು ಸಾವಿರದವರೆಗೂ ಪ್ರವಾಸಿಗರು ಬರುತ್ತಾರೆ. 2023ರ ಆಗಸ್ಟ್‌ನಲ್ಲಿ ಊರಿನವರು ಇದನ್ನು ವಿರೋಧಿಸಿ ಸುರಂಗದ ಬಳಿ ರಸ್ತೆಗೇ ಇಳಿದಿದ್ದರು. ನೀವು ಹನ್ನೊಂದಕ್ಕೆ ಬಂದು ಎರಡಕ್ಕೆ ಹೊರಟರೆ ನೋಡುವುದು ಆ ಗದ್ದಲವನ್ನೇ. ಸಂಜೆ ಬಸ್ಸುಗಳು ಹೋದಮೇಲೆ ಆ ಬೀದಿಗಳೇ ಬೇರೆ. ಅಜ್ಜಿಯರು ಕಿಟಕಿಯ ಹೂಕುಂಡಗಳಿಗೆ ನೀರು ಹಾಕುತ್ತಾ ನಿಂತಿರುತ್ತಾರೆ. ನಮಸ್ಕಾರ ಹೇಳಿದರೆ ನಿಂತು ಮಾತಾಡಿಸುತ್ತಾರೆ. ಅವು ಜನ ಬಾಳುವ ಮನೆಗಳು, ಬಾಗಿಲ ಮುಂದೆ ನಿಂತು ಫೋಟೋ ಬೇಡ ಅಂತ ಮಗಳಿಗೂ ಹೇಳಿಕೊಡಿ.

ಶಿರಸಿ ಹುಡುಗಿ:

ಲಿಂಜ್‌ನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ರೈಲನ್ನು ಪೂರ್ತಿ ತಳ್ಳಿಹಾಕಬೇಡಿ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗುವವರಿಗೆ ರೈಲೇ ಚಂದ. ನಾನು ಗೆಳತಿಯ ಜೊತೆ ಹಾಗೇ ಹೋದವಳು. ಸ್ಟೇಷನ್‌ನಿಂದ ದೋಣಿ ಹೊರಟರೆ ಊರು ಎದುರಿನಿಂದ ಹತ್ತಿರ ಬರುತ್ತದೆ. ಮೊದಲು ಲುಥೆರನ್ ಚರ್ಚಿನ ಚೂಪು ಗೋಪುರ, ಆಮೇಲೆ ಒಂದರ ಹೆಗಲ ಮೇಲೆ ಒಂದು ಕೂತಂತಹ ಮರದ ಮನೆಗಳು. 1890ರಲ್ಲಿ ರಸ್ತೆ ಆಗುವವರೆಗೆ ಊರಿಗೆ ಬರಲು ದೋಣಿ ಇಲ್ಲವೇ ಕಿರಿದಾದ ಕಾಲುದಾರಿ ಅಷ್ಟೇ ಇದ್ದದ್ದು. ಕಾರಿನಲ್ಲಿ ಹೋದವರೂ ಒಂದು ಸಲ ಆ ದೋಣಿಯಲ್ಲಿ ಆಚೆ ಹೋಗಿ ಬನ್ನಿ. ಸೂಟ್‌ಕೇಸ್ ಇಲ್ಲದೆ ಕೂತರೆ ಅತ್ತೆಯವರಿಗೂ ಖುಷಿ.

ಊಟದ ಬಗ್ಗೆ: ಕೇಸೆ-ಷ್ಪೆಟ್ಸ್‌ಲೆ ಕೇಳಿ. ಮೈದಾ ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿ ಚೀಸ್ ಜೊತೆ ಬೆರೆಸಿ, ಮೇಲೆ ಹುರಿದ ಈರುಳ್ಳಿ ಹಾಕಿ ಬಾಣಲೆ ಸಮೇತ ತಂದಿಡುತ್ತಾರೆ. ಅದರಲ್ಲಿ ಮೊಟ್ಟೆ ಇರುತ್ತದೆ, ಅತ್ತೆ-ಮಾವ ತಿನ್ನುವುದಿಲ್ಲ ಅಂದರೆ ಬೇಡ. ಸೂಪ್ ವಿಷಯದಲ್ಲಿ ಹುಷಾರು. ಮೇಲೆ ತರಕಾರಿ ಕಂಡರೂ ಕೆಳಗಿರುವುದು ಸಾಮಾನ್ಯವಾಗಿ ದನದ ಮಾಂಸದ ರಸ.

ಮೈಸೂರಿನ ಸೊಸೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ರಾತ್ರಿ ಉಳಿಯೋದು ಅಂತ ತೀರ್ಮಾನ ಆಯ್ತು. ಅತ್ತೆ-ಮಾವ ಮೊಟ್ಟೆ ಮುಟ್ಟಲ್ಲ, ಹೇಳಿದ್ದು ಒಳ್ಳೆಯದಾಯ್ತು. ಮಾವನವರಿಗೆ ಉಪ್ಪಿನ ಗಣಿ ತೋರಿಸಬೇಕು. ಅತ್ತೆಗೆ ಆಗುತ್ತಾ?

ಲಿಂಜ್ ಕನ್ನಡಿಗ:

ಗಣಿ ಅತ್ತೆಯವರಿಗೆ ಬೇಡ. ಹಳಿ ಗಾಡಿಯಲ್ಲಿ ಮೇಲೆ ಹೋದಮೇಲೂ ಗಣಿಯ ಬಾಯಿಗೆ ಏರುದಾರಿ ನಡೆಯಬೇಕು. ಒಳಗೆ ಮೆಟ್ಟಿಲು, ಮರದ ಜಾರುಬಂಡೆ, ಸುಮಾರು 8 ಡಿಗ್ರಿ ಚಳಿ. ಮಾವ, ಯಜಮಾನರು, ಮಗಳು ಹೋಗಿಬರಲಿ, ಸ್ವೆಟರ್ ಮರೆಯಬೇಡಿ. ಹಳಿ ಗಾಡಿ ರಿಪೇರಿಗೆ ಅಂತ ನಿಂತಿರುವುದೂ ಉಂಟು, ಟಿಕೆಟ್ ತೆಗೆಯುವ ಮೊದಲು ತೆರೆದಿದೆಯಾ ನೋಡಿ.

ಮಾವನವರಿಗೆ ಇದನ್ನು ಹೇಳಿ. ಆ ಗಣಿಯ ಪಕ್ಕದ ಕಣಿವೆಯಲ್ಲೇ 1846ರಲ್ಲಿ ರಾಮ್‌ಸೌವರ್ ಎಂಬ ಗಣಿ ಅಧಿಕಾರಿ ಹಳೆಯ ಸ್ಮಶಾನ ಅಗೆಯಲು ಶುರುಮಾಡಿದ್ದು. ಒಂದೊಂದು ಗೋರಿಯನ್ನೂ, ಅದರಲ್ಲಿ ಸಿಕ್ಕ ಕತ್ತಿ, ಬಳೆಗಳನ್ನೂ ಬಣ್ಣದ ಚಿತ್ರ ಬರೆಸಿ ದಾಖಲೆ ಮಾಡಿಸಿದರು. ಕ್ರಿ.ಪೂ. 800ರಿಂದ 450ರವರೆಗಿನ ಕಾಲಕ್ಕೆ ಊರಿನ ಹೆಸರು ಬಂದಿದ್ದು ಅದರಿಂದಲೇ. ಮೇಷ್ಟ್ರಾಗಿದ್ದವರು ಆ ಜಾಗದಲ್ಲಿ ನಿಂತು ನೋಡಬೇಕು. ಕೆಳಗೆ ಮ್ಯೂಸಿಯಂ ಕೂಡ ಇದೆ.

ಮಾರನೇ ದಿನ ಸಾಲ್ಸ್‌ಬರ್ಗ್‌ಗೆ ಒಂದೂಕಾಲು ಗಂಟೆ. ಬಾಡ್ ಇಷ್ಲ್, ಸೇಂಟ್ ಗಿಲ್ಗೆನ್ ದಾರಿಯಲ್ಲೇ ಬನ್ನಿ, ಮತ್ತೆರಡು ಸರೋವರ ಪಕ್ಕದಲ್ಲೇ ಸಿಗುತ್ತವೆ. ಆಮೇಲೆ ಮ್ಯೂನಿಕ್‌ಗೆ ಹೊರಡುವ ದಿನ ಸಮಯ ಜಾಸ್ತಿ ಇಟ್ಟುಕೊಳ್ಳಿ. ಜರ್ಮನಿ ಗಡಿಯಲ್ಲಿ ತಪಾಸಣೆ ಇರುತ್ತದೆ, ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಐದೂ ಪಾಸ್‌ಪೋರ್ಟ್ ಸೂಟ್‌ಕೇಸ್ ಒಳಗೆ ಹಾಕಬೇಡಿ, ನಿಮ್ಮ ಕೈಚೀಲದಲ್ಲೇ ಇರಲಿ.