ಓಡುತ್ತಿರುವ ಪ್ರೋಗ್ರಾಮಿನೊಳಗೆ ಯಾವ ಲೈಬ್ರರಿಗಳಿವೆ? ಕರ್ನಲ್ಲನ್ನು ಕೇಳುವುದಾ, ಲೋಡರನ್ನಾ?

ಮಲ್ಪೆ ಲಾಗರ್: ನಮಸ್ಕಾರ. ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಸಿ ಭಾಷೆಯಲ್ಲಿ ಟೆಂಪರೇಚರ್ ಲಾಗರ್ ಬರೆದು ಕೊಟ್ಟಿದ್ದೇನೆ. ಲಿನಕ್ಸ್ ಮೇಲೆ ಓಡುತ್ತದೆ. ಒಂದೊಂದು ಬಗೆಯ ಸೆನ್ಸರಿಗೆ ಒಂದೊಂದು ಪ್ಲಗಿನ್, ಎಲ್ಲ ಡಿಎಲ್‌ಓಪನ್ (ಓಡುವಾಗಲೇ ಲೈಬ್ರರಿ ಲೋಡ್ ಮಾಡುವ ಫಂಕ್ಷನ್) ಮೂಲಕ ಲೋಡ್ ಆಗುತ್ತವೆ. ಆಗಾಗ ಕ್ರ್ಯಾಶ್ ಆಗುತ್ತಿದೆ. ಲಾಗಿನಲ್ಲಿ ಸಿಗುವುದು ಬರೀ ವಿಳಾಸಗಳು, ಅವು ಯಾವ ಲೈಬ್ರರಿಯವು ಅಂತ ಗೊತ್ತಾಗುವುದಿಲ್ಲ. ಲೈಬ್ರರಿ ಪಟ್ಟಿ ತೋರಿಸುವ ಎಲ್‌ಡಿಡಿ ಕಮಾಂಡ್ ಹಾಕಿ ನೋಡಿದರೆ ಪ್ಲಗಿನ್‌ಗಳ ಹೆಸರೇ ಇಲ್ಲ. ಪ್ರೋಗ್ರಾಮ್ ತನ್ನೊಳಗಿನ ಲೈಬ್ರರಿಗಳ ಪಟ್ಟಿಯನ್ನು ತಾನೇ ಬರೆದಿಡುವುದು ಹೇಗೆ? ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿಯುತ್ತದೆ. ಬೋಟ್‌ಗಳು ಇಳಿಯುವ ಮೊದಲು ಇದು ಸರಿಯಾಗಬೇಕು.

ಉಡುಪಿ ಭಟ್: ಎಲ್‌ಡಿಡಿಯಲ್ಲಿ ಅದು ಬರುವುದೇ ಇಲ್ಲ ಮಾರಾಯ್ರೇ. ಡಿಸ್ಕಿನಲ್ಲಿರುವ ಫೈಲ್ ಯಾವ್ಯಾವ ಲೈಬ್ರರಿ ಬೇಕು ಅನ್ನುತ್ತದೆಯೋ ಅಷ್ಟನ್ನೇ ಅದು ತೋರಿಸುತ್ತದೆ. ಓಡುವಾಗ ನೀವು ಕರೆಸಿಕೊಂಡದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಇನ್ನೊಂದು ವಿಷಯ. ಎಲ್ಲಿಂದಲೋ ಬಂದ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಅದರ ಮ್ಯಾನ್ ಪೇಜಿನಲ್ಲೇ ಈ ಎಚ್ಚರಿಕೆ ಉಂಟು.

ಸುರತ್ಕಲ್ ಶೆಟ್ಟಿ: ಕರ್ನಲ್ ಕೊಡುವ /ಪ್ರೋಕ್/ಸೆಲ್ಫ್/ಮ್ಯಾಪ್ಸ್ ಫೈಲ್ ಓದಿ, ಕೆಲಸ ಮುಗಿಯಿತು. ಪ್ರತಿ ಸಾಲಿನಲ್ಲೂ ಶುರು ಮತ್ತು ಕೊನೆಯ ವಿಳಾಸ, ಪರ್ಮಿಷನ್, ಆಫ್‌ಸೆಟ್, ಡಿವೈಸ್, ಐನೋಡ್, ಕೊನೆಗೆ ಫೈಲಿನ ಪಾತ್. ಒಂದೇ ಲೈಬ್ರರಿ ನಾಲ್ಕೈದು ಸಾಲು ಬರುತ್ತದೆ, ಹೆದರಬೇಡಿ. ಕೋಡಿಗೆ ಒಂದು ಸಾಲು, ಡೇಟಾಕ್ಕೆ ಇನ್ನೊಂದು, ಹಾಗೆ. ಬೇರೆ ಯಾವ ಫಂಕ್ಷನ್ನೂ ಬೇಡ.

ಮಣಿಪಾಲ ಮೇಡಂ: ಶೆಟ್ರೇ, ಮ್ಯಾಪ್ಸ್ ಎಂದರೆ ಮೆಮೊರಿಯ ನಕ್ಷೆ, ಲೈಬ್ರರಿಗಳ ಪಟ್ಟಿ ಅಲ್ಲ. ಎಂಮ್ಯಾಪ್ ಮಾಡಿದ (ಮೆಮೊರಿಗೆ ಜೋಡಿಸಿದ) ಡೇಟಾ ಫೈಲೂ ಅಲ್ಲಿ ಕಾಣುತ್ತದೆ. ಲೈಬ್ರರಿ ತಂದು ಕೂರಿಸಿದ್ದು ಲೋಡರ್, ಅದನ್ನೇ ಕೇಳಬೇಕು. ಡಿಎಲ್_ಇಟರೇಟ್_ಪಿಹೆಚ್‌ಡಿಆರ್ ಫಂಕ್ಷನ್ ಇರುವುದು ಇದಕ್ಕೇ. _ಜಿಎನ್‌ಯು_ಸೋರ್ಸ್ ಡಿಫೈನ್ ಮಾಡಿ ಲಿಂಕ್ ಹೆಡರ್ ಸೇರಿಸಿ. ನೀವು ಬರೆದು ಕೊಟ್ಟ ಫಂಕ್ಷನ್ನನ್ನು (ಕಾಲ್‌ಬ್ಯಾಕ್) ಅದು ಒಂದೊಂದು ಲೈಬ್ರರಿಗೂ ಒಮ್ಮೆ ಕರೆಯುತ್ತದೆ. ಸೊನ್ನೆ ವಾಪಸ್ ಕೊಟ್ಟರೆ ಮುಂದಿನದಕ್ಕೆ ಹೋಗುತ್ತದೆ, ಬೇರೆ ಏನೇ ಕೊಟ್ಟರೂ ನಿಲ್ಲುತ್ತದೆ. ಮೊದಲು ಬರುವುದು ನಿಮ್ಮದೇ ಪ್ರೋಗ್ರಾಮ್, ಅದರ ಹೆಸರು ಖಾಲಿ ಇರುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ.

ಲೆಕ್ಕವೂ ಸುಲಭ. ಕ್ರ್ಯಾಶ್ ವಿಳಾಸ 52340, ಲೈಬ್ರರಿಯ ಬೇಸ್ (ಅದು ಕೂತ ಶುರುವಿನ ವಿಳಾಸ) 40000 ಅಂದುಕೊಳ್ಳಿ. ಕಳೆದರೆ 12340. ಅದನ್ನು ನೇರವಾಗಿ ಆ್ಯಡರ್2ಲೈನ್‌ಗೆ (ವಿಳಾಸದಿಂದ ಕೋಡಿನ ಸಾಲು ಹುಡುಕುವ ಟೂಲ್) ಕೊಡಿ, ಡೀಬಗ್ ಮಾಹಿತಿ ಇದ್ದರೆ ಫೈಲು, ಸಾಲು ಎರಡೂ ಸಿಗುತ್ತವೆ. ಮ್ಯಾಪ್ಸ್ ಓದುವವರು ಕೋಡಿನ ಸಾಲಿನ ಶುರುವನ್ನು ಕಳೆದು ಆಫ್‌ಸೆಟ್ ಕೂಡಿಸುತ್ತಾರೆ. ಆಗ ಸಿಗುವುದು ಫೈಲಿನೊಳಗಿನ ಜಾಗ. ಎಲ್‌ಎಲ್‌ಡಿ ಲಿಂಕರಿನಲ್ಲಿ ಕಟ್ಟಿದ ಲೈಬ್ರರಿಗಳಲ್ಲಿ ಈ ಜಾಗವೂ ಬೇಸ್ ಕಳೆದು ಸಿಕ್ಕ ವಿಳಾಸವೂ ಒಂದೇ ಆಗಿರಬೇಕೆಂದಿಲ್ಲ. ಉತ್ತರ ತಪ್ಪು ಬರುತ್ತದೆ, ತಪ್ಪು ಅಂತ ಗೊತ್ತೂ ಆಗುವುದಿಲ್ಲ.

ಸುರತ್ಕಲ್ ಶೆಟ್ಟಿ: ಮೇಡಂ, ಆ ಲೈಬ್ರರಿಯ ಮೊದಲ ಸಾಲಿನ ಶುರುವನ್ನು ಕಳೆದರೆ ಆ ತೊಂದರೆ ಬರುವುದಿಲ್ಲ ಅಲ್ವಾ? ಅದಿರಲಿ, ನನ್ನ ದೊಡ್ಡ ತಕರಾರು ಬೇರೆ. ಇವರಿಗೆ ಪಟ್ಟಿ ಬೇಕಾಗಿರುವುದು ಕ್ರ್ಯಾಶ್ ಆದ ಹೊತ್ತಿಗೆ, ಅಂದರೆ ಸಿಗ್ನಲ್ ಹ್ಯಾಂಡ್ಲರಿನೊಳಗೆ (ಕ್ರ್ಯಾಶ್ ಆದಾಗ ಓಡುವ ಫಂಕ್ಷನ್). ನೀವು ಹೇಳಿದ ಫಂಕ್ಷನ್ ಲೋಡರಿನ ಲಾಕ್ ಹಿಡಿಯುತ್ತದೆ. ಡಿಎಲ್‌ಓಪನ್ ಅರ್ಧದಲ್ಲಿರುವಾಗ ಕ್ರ್ಯಾಶ್ ಆದರೆ ಹ್ಯಾಂಡ್ಲರ್ ಅಲ್ಲೇ ಸಿಕ್ಕಿಬೀಳಬಹುದು, ಇಲ್ಲವೇ ಅರೆಬರೆ ಪಟ್ಟಿ ಸಿಗಬಹುದು. ಮ್ಯಾಪ್ಸ್ ಆದರೆ ಓಪನ್, ರೀಡ್, ರೈಟ್ ಮೂರೇ ಸಾಕು. ಮೂರನ್ನೂ ಹ್ಯಾಂಡ್ಲರಿನಲ್ಲಿ ಧೈರ್ಯವಾಗಿ ಕರೆಯಬಹುದು. ಎಫ್‌ಓಪನ್, ಪ್ರಿಂಟ್‌ಎಫ್ ಮಾತ್ರ ಬೇಡ.

ಕೊಡಿಯಾಲಬೈಲ್ ಪೈ: ಶೆಟ್ರ ಪರವಾಗಿ ಇನ್ನೊಂದು. ಪ್ರೋಗ್ರಾಮ್ ಓಡುತ್ತಿರುವಾಗಲೇ ಅಪ್‌ಡೇಟ್ ಬಂದು ಲೈಬ್ರರಿ ಫೈಲ್ ಬದಲಾಯಿತು ಅಂತಿಟ್ಟುಕೊಳ್ಳಿ. ಮೆಮೊರಿಯಲ್ಲಿ ಇರುವುದು ಹಳೆಯದೇ. ಮ್ಯಾಪ್ಸ್‌ನಲ್ಲಿ ಪಾತ್ ಪಕ್ಕದಲ್ಲೇ ಡಿಲೀಟೆಡ್ ಅಂತ ಬರುತ್ತದೆ. ಲೋಡರ್ ಹತ್ತಿರ ಇರುವುದು ಲೋಡ್ ಆದಾಗಿನ ಹೆಸರು ಮಾತ್ರ, ಅದನ್ನು ನಂಬಿ ಹೊಸ ಫೈಲನ್ನು ಆ್ಯಡರ್2ಲೈನ್‌ಗೆ ಕೊಟ್ಟರೆ ಸಂಬಂಧವೇ ಇಲ್ಲದ ಸಾಲು ಸಿಗುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ದೋಷ ಬಂದಾಗ ಅಪ್‌ಡೇಟ್ ಹಾಕಿದರಷ್ಟೇ ಸಾಲದು, ಸರ್ವಿಸುಗಳನ್ನು ರೀಸ್ಟಾರ್ಟ್ ಮಾಡಲೇಬೇಕು ಅಂದದ್ದು ಇದಕ್ಕೇ.

ಮಣಿಪಾಲ ಮೇಡಂ: ಪೈಗಳೇ, ಡಿಲೀಟೆಡ್ ಅಂತ ಗೊತ್ತಾದರೂ ಯಾವ ಬಿಲ್ಡ್ ಅಂತ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಬಿಲ್ಡ್ ಐಡಿ, ಅಂದರೆ ಆ ಬಿಲ್ಡಿನ ಗುರುತು ಸಂಖ್ಯೆ ಬೇಕು. ಕಾಲ್‌ಬ್ಯಾಕಿಗೆ ಪ್ರೋಗ್ರಾಮ್ ಹೆಡರ್‌ಗಳೂ (ಲೈಬ್ರರಿಯ ಭಾಗಗಳ ವಿವರ) ಬರುತ್ತವೆ. ಅದರಲ್ಲಿ ನೋಟ್ ಭಾಗ ಹುಡುಕಿದರೆ ಮೆಮೊರಿಯಲ್ಲಿರುವ ಲೈಬ್ರರಿಯ ಬಿಲ್ಡ್ ಐಡಿಯನ್ನೇ ಓದಬಹುದು, ಲಿಂಕ್ ಮಾಡುವಾಗ ಹಾಕಿದ್ದರೆ. ಡಿಸ್ಕಿನಲ್ಲಿ ಏನೇ ಬದಲಾಗಲಿ.

ಹ್ಯಾಂಡ್ಲರಿನಲ್ಲಿ ಆ ಫಂಕ್ಷನ್ ಕರೆಯಬೇಕು ಅಂತ ನಾನು ಹೇಳುತ್ತಿಲ್ಲ. ಪ್ರೋಗ್ರಾಮ್ ಶುರುವಾದಾಗ ಒಮ್ಮೆ, ಪ್ಲಗಿನ್ ಲೋಡ್ ಆದ ಮೇಲೆ ಪ್ರತಿ ಸಲ, ಪಟ್ಟಿ ತೆಗೆದು ಲಾಗಿಗೆ ಬರೆಯಿರಿ. ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) 2.4ರಿಂದ ಎಷ್ಟು ಸೇರಿದವು, ಎಷ್ಟು ಹೋದವು ಅನ್ನುವ ಎರಡು ಎಣಿಕೆಗಳೂ ಕಾಲ್‌ಬ್ಯಾಕಿಗೆ ಬರುತ್ತವೆ. ಎರಡೂ ಬದಲಾಗಿಲ್ಲ ಅಂದರೆ ಹೊಸ ಪಟ್ಟಿ ಬೇಡ.

ಸುರತ್ಕಲ್ ಶೆಟ್ಟಿ: ಪ್ಲಗಿನ್ ತಾನೇ ಇನ್ನೊಂದು ಲೈಬ್ರರಿಯನ್ನು ಯಾವಾಗಲೋ ಕರೆಸಿಕೊಂಡರೆ? ನಿಮ್ಮ ಪಟ್ಟಿಯಲ್ಲಿ ಅದು ಇರುವುದಿಲ್ಲ. ಹ್ಯಾಂಡ್ಲರಿನಲ್ಲಿ ಮ್ಯಾಪ್ಸ್ ಬೇಕೇ ಬೇಕು. ಅಲ್ಲಿ ಬಿಡಿಸಲು ಹೋಗಬೇಡಿ, ಇದ್ದ ಹಾಗೇ ಫೈಲಿಗೆ ಸುರಿಯಿರಿ. ಓದುವುದು ಆಮೇಲೆ.

ಮಲ್ಪೆ ಲಾಗರ್: ಹಾಗಾದರೆ ಎರಡನ್ನೂ ಹಾಕುತ್ತೇನೆ. ಮೊದಲೇ ಬಿಲ್ಡ್ ಐಡಿ ಸಮೇತ ಪಟ್ಟಿ, ಕ್ರ್ಯಾಶಿನಲ್ಲಿ ಮ್ಯಾಪ್ಸ್. ಸೆನ್ಸರ್ ಬದಲಿಸಿದಾಗ ಹಳೆಯ ಪ್ಲಗಿನನ್ನು ಡಿಎಲ್‌ಕ್ಲೋಸ್ ಮಾಡುತ್ತೇನೆ, ಅಂದರೆ ಬಿಟ್ಟುಕೊಡುತ್ತೇನೆ. ಅದರಿಂದ ಏನಾದರೂ ತೊಂದರೆ ಉಂಟಾ?

ಉಡುಪಿ ಭಟ್: ಉಂಟು. ಡಿಎಲ್‌ಕ್ಲೋಸ್ ಮಾಡಿದ ಕೂಡಲೇ ಲೈಬ್ರರಿ ಹೋಗಲೇಬೇಕೆಂದಿಲ್ಲ, ಬೇರೆ ಯಾರೋ ಅದನ್ನು ಹಿಡಿದುಕೊಂಡಿರಬಹುದು. ಹೋದರೆ ಅದೇ ಜಾಗಕ್ಕೆ ಇನ್ನೊಂದು ಬಂದು ಕೂರಬಹುದು. ಆಗ ಹಳೆಯ ಪಟ್ಟಿ ನೋಡಿದರೆ ತಪ್ಪು ಪ್ಲಗಿನ್ ಮೇಲೆ ಆರೋಪ ಬೀಳುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಆ ಪ್ಲಗಿನ್ ಶುರು ಮಾಡಿದ ಥ್ರೆಡ್ ಇನ್ನೂ ಓಡುತ್ತಿದ್ದರೆ ಅದರ ಕಾಲ ಕೆಳಗಿನ ಕೋಡೇ ಮಾಯ. ನಿಮ್ಮ ಕ್ರ್ಯಾಶಿಗೆ ಇದೇ ಕಾರಣ ಇರಬಹುದು. ಮೊದಲು ಡಿಎಲ್‌ಕ್ಲೋಸ್ ತೆಗೆದು ಕೆಲವು ದಿನ ಓಡಿಸಿ ನೋಡಿ. ಆಮೇಲೂ ಬಿದ್ದರೆ ಮ್ಯಾಪ್ಸ್ ಮತ್ತು ಪಟ್ಟಿ ಎರಡನ್ನೂ ಇಲ್ಲಿ ಹಾಕಿ, ಕೂತು ನೋಡೋಣ.