ಸಹಾಯ ಬೇಕು: ಸಾಸ್‌ನೊಳಗೆ ಕಡಲೆಬೀಜ ಇದೆಯೇ ಎಂದು ಕೇಳುವುದು ಹೇಗೆ?

ದಕ್ಷಿಣ ಕೊರಿಯಾದ ಸುವಾನ್ ನಗರಕ್ಕೆ ಬಂದು ಮೂರು ತಿಂಗಳಾಯಿತು. ಪಾಲ್ದಲ್‌ಮುನ್ ಕೋಟೆಬಾಗಿಲ ಹತ್ತಿರದ ಕೋಳಿ ಬೀದಿಯಲ್ಲಿ ನಡೆದಾಗಲೆಲ್ಲ ಏಳು ವರ್ಷದ ಮಗ ಕೈ ಜಗ್ಗುತ್ತಾನೆ. ಅವನಿಗೆ ಕಡಲೆಬೀಜ ಆಗದು, ತುಟಿ ಊದಿಕೊಳ್ಳುತ್ತದೆ. ಸಾಸ್ ಇಲ್ಲದ ಕರಿದ ಕೋಳಿ ‘ಹುರಾಯ್ಡು’ ತಿಂದು ತೊಂದರೆಯಾಗಿಲ್ಲ. ಈಗ ಬೇಕಿರುವುದು ಸಾಸ್ ಸವರಿ ಕೆಂಪಗೆ ಹೊಳೆಯುವ ಕೋಳಿ ‘ಯಾಂಗ್ನ್ಯಮ್’. ಅದರ ಮೇಲೆ ಕಡಲೆಬೀಜದ ಚೂರು ಉದುರಿಸುವುದುಂಟು.

ಮೊಬೈಲ್ ಅನುವಾದ ತೋರಿಸಿ ‘ತಂಗ್‌ಕೋಂಗ್ (ಕಡಲೆಬೀಜ) ಬೇಡ’ ಎಂದೆ. ಅಂಗಡಿಯ ಅಜ್ಜಿ ನಕ್ಕು ತಲೆಯಾಡಿಸಿದರು. ಚೂರೇನೋ ಇರಲಿಲ್ಲ, ಆದರೆ ಸಾಸ್‌ನೊಳಗೇ ಅರೆದು ಹಾಕಿದ್ದರೆ? ಮಗನತ್ತ ಹುಳಿ ಮೂಲಂಗಿಯ ಬಟ್ಟಲು ತಳ್ಳಿ ಕೋಳಿಯನ್ನು ನಾನೇ ತಿಂದೆ. ಅವನ ಮುಖ ನೋಡಬೇಕಿತ್ತು!

ಕೊರಿಯಾದಲ್ಲಿರುವ ಕನ್ನಡಿಗರೇ, ಸಾಸ್‌ನಲ್ಲಾಗಲಿ ಎಣ್ಣೆಯಲ್ಲಾಗಲಿ ಕಡಲೆಬೀಜ ಇದೆಯೇ ಎಂದು ಕೇಳಲು ಕೊರಿಯನ್‌ನಲ್ಲಿ ಯಾವ ವಾಕ್ಯ ಹೇಳಬೇಕು?