ಬಾಟ್ ಹಾಕಿದರೂ ಗುಡ್ ಮಾರ್ನಿಂಗ್ ನಿಲ್ಲುತ್ತಿಲ್ಲ, ಕೆಲಸದ ಪೋಸ್ಟೇ ಡಿಲೀಟ್ ಆಗುತ್ತಿದೆ

ತಾರಸಿತೋಟ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ತಾರಸಿ ತೋಟ ಮಾಡುವವರಿಗೆ ಅಂತ ಒಂದು ಟೆಲಿಗ್ರಾಂ ಗುಂಪು ನಡೆಸುತ್ತಿದ್ದೇನೆ. ಈಗ 430 ಜನ ಇದ್ದಾರೆ. ಮೊದಮೊದಲು ಬರೀ ಗಿಡದ ಮಾತು ಇತ್ತು. ಈಗ ಬೆಳಗಿನ ಐದೂವರೆಗೇ ಗುಡ್ ಮಾರ್ನಿಂಗ್ ಶುರು. ಆಮೇಲೆ ಸೈಟು ಮಾರಾಟ, ಮಂಡಿನೋವಿನ ಎಣ್ಣೆ, ರಾಜಕೀಯ. ಮೊನ್ನೆ ಒಬ್ಬರು ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ, ಏನು ಮಾಡಲಿ ಅಂತ ಫೋಟೋ ಹಾಕಿ ಕೇಳಿದ್ದರು. ಅದರ ಮೇಲೆ ನಲವತ್ತು ಮೆಸೇಜು ಬಿದ್ದು ಪ್ರಶ್ನೆ ಎಲ್ಲೋ ಹೂತುಹೋಯಿತು. ಮೂರು ದಿನವಾದರೂ ಉತ್ತರ ಇಲ್ಲ.

ಗುಂಪು ಕಾಯುವ ಒಂದು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಸೇರಿಸಿ, ಫಾರ್ವರ್ಡ್ ಆಗಿ ಬಂದದ್ದನ್ನು ಅಳಿಸುವ ಫಾರ್ವರ್ಡ್ ಲಾಕ್ ಮಾಡಿದೆ. ಉಲ್ಟಾ ಹೊಡೆಯಿತು. ಒಬ್ಬರು ಎರೆಗೊಬ್ಬರದ ಕೈಪಿಡಿಯ ಪಿಡಿಎಫ್ ಕಳಿಸಿದ್ದರು, ಬಾಟ್ ಅದನ್ನು ಅಳಿಸಿತು. ಅವರು ಬೇಜಾರಾಗಿ ಗುಂಪು ಬಿಟ್ಟರು. ಗುಡ್ ಮಾರ್ನಿಂಗ್ ಮಾತ್ರ ಜಪ್ಪಯ್ಯ ಅಂದರೂ ನಿಲ್ಲುತ್ತಿಲ್ಲ. ಒಂದು ಮೆಸೇಜು ಹಾಕಿದವರು ಇನ್ನೊಂದಕ್ಕೆ ಕಾಯುವಂತೆ ಮಾಡುವ ಸ್ಲೋ ಮೋಡ್ 1 ಗಂಟೆಗೆ ಇಟ್ಟೆ. ಆದರೂ ಕೆಲವರು ಹತ್ತು ನಿಮಿಷದಲ್ಲಿ ನಾಲ್ಕು ಹಾಕುತ್ತಾರೆ. ಎಲ್ಲಿ ತಪ್ಪಿದೆ?

ಬಾಟ್‌ಭಟ್ಟ:
ಎರಡು ವಿಷಯ ಹೇಳಿ. ಆ ಗುಡ್ ಮಾರ್ನಿಂಗ್ ಚಿತ್ರಗಳ ಮೇಲೆ ‘ಫಾರ್ವರ್ಡೆಡ್’ ಅಂತ ಇದೆಯಾ? ಗುಂಪಿಗೆ ಎಷ್ಟು ಜನ ಅಡ್ಮಿನ್?

ತಾರಸಿತೋಟ:
ನೋಡಿದೆ, ಇಲ್ಲ. ಅಡ್ಮಿನ್ 7 ಜನ. ಗುಂಪು ಶುರು ಮಾಡಿದಾಗ ಗೊತ್ತಿದ್ದವರನ್ನೆಲ್ಲ ಮಾಡಿಬಿಟ್ಟಿದ್ದೆ.

ಬಾಟ್‌ಭಟ್ಟ:
ಹಾಗಾದರೆ ಸಿಕ್ಕಿತು. ಫಾರ್ವರ್ಡ್ ಲಾಕ್ ನೋಡುವುದು ಆ ‘ಫಾರ್ವರ್ಡೆಡ್’ ಚೀಟಿಯನ್ನು ಮಾತ್ರ, ಒಳಗೆ ಏನಿದೆ ಅಂತಲ್ಲ. ನಿಮ್ಮವರು ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಪಡೆದು, ಗ್ಯಾಲರಿಯಿಂದ ಎತ್ತಿ ಇಲ್ಲಿ ಹಾಕುತ್ತಿದ್ದಾರೆ. ಟೆಲಿಗ್ರಾಂ ಲೆಕ್ಕದಲ್ಲಿ ಅದು ಹೊಸ ಫೋಟೋ. ನಿಮ್ಮ ಟೊಮೆಟೊ ಗಿಡದ ಫೋಟೋಗೂ ಅದಕ್ಕೂ ಬಾಟ್‌ಗೆ ವ್ಯತ್ಯಾಸವೇ ಗೊತ್ತಾಗದು. ಕೈಪಿಡಿ ಕಳಿಸಿದವರು ಬೇರೊಂದು ಚಾನೆಲ್‌ನಿಂದ ನೇರ ಫಾರ್ವರ್ಡ್ ಮಾಡಿದ್ದಾರೆ. ಚೀಟಿ ಇತ್ತು, ಸಿಕ್ಕಿಬಿದ್ದರು. ಅಂದರೆ ನಿಮ್ಮ ಬಲೆಗೆ ಬಿದ್ದಿದ್ದು ಪಾಪದವರು.

ಇನ್ನು ಸ್ಲೋ ಮೋಡ್. ಅದು ಅಡ್ಮಿನ್‌ಗಳಿಗೆ ಅನ್ವಯಿಸುವುದಿಲ್ಲ. ಇಂಥ ಬಾಟ್‌ಗಳ ಲಾಕ್ ಕೂಡ ಸಾಮಾನ್ಯವಾಗಿ ಅಡ್ಮಿನ್‌ಗಳನ್ನು ಮುಟ್ಟುವುದಿಲ್ಲ. ಹತ್ತು ನಿಮಿಷಕ್ಕೆ ನಾಲ್ಕು ಹಾಕುವವರು ಆ ಏಳು ಜನರಲ್ಲೇ ಇದ್ದಾರೆ, ನೋಡಿ ಬೇಕಾದರೆ. ಮೂವರನ್ನು ಇಟ್ಟುಕೊಂಡು ಉಳಿದವರನ್ನು ಇಳಿಸಿ. 1 ಗಂಟೆಯ ಸ್ಲೋ ಮೋಡ್ ತೆಗೆಯಿರಿ. ರೋಗದ ಪ್ರಶ್ನೆಗೆ ‘ಎಲೆಯ ಹಿಂಬದಿ ತೋರಿಸಿ’ ಅಂದರೆ ಕೇಳಿದವರು ಇನ್ನೊಂದು ಫೋಟೋ ಹಾಕಲು ಒಂದು ಗಂಟೆ ಕಾಯಬೇಕು. ಅಷ್ಟರಲ್ಲಿ ಅವರ ಉತ್ಸಾಹ ಬಾಡಿರುತ್ತದೆ.

ತಾರಸಿತೋಟ:
ಪಟ್ಟಿ ನೋಡಿದೆ. ನೀವು ಹೇಳಿದ್ದು ಸರಿ. ಐದೂವರೆಗೆ ಶುರು ಮಾಡುವವರು ನನ್ನ ಸೋದರಮಾವ. ಗುಲಾಬಿ ಚಿತ್ರ ಹಾಕುತ್ತಾರೆ. ಕೇಳಿದರೆ ‘ಗುಲಾಬಿ ಗಿಡ ಅಲ್ವೇನೋ’ ಅಂತಾರೆ.

ಎರೆಹುಳು:
ನಿಮ್ಮ ಮಾವನಂಥವರು ಎಲ್ಲ ಗುಂಪಿನಲ್ಲೂ ಇದ್ದಾರೆ, ಚಿಂತೆ ಬೇಡ. ನಾನು ಬೀಜ ವಿನಿಮಯದ ಗುಂಪು ನೋಡಿಕೊಳ್ಳುತ್ತೇನೆ. ಅಳಿಸಿ ಅಳಿಸಿ ಸಾಕಾಗಿ ಕೊನೆಗೆ ಟಾಪಿಕ್ಸ್ ಹಾಕಿದೆ. 2022ರ ನವೆಂಬರ್‌ನಲ್ಲಿ ಟೆಲಿಗ್ರಾಂ ತಂದ ಸೌಲಭ್ಯ ಅದು. ಗುಂಪಿನ ಎಡಿಟ್‌ಗೆ ಹೋಗಿ ಆನ್ ಮಾಡಿದರೆ ಒಂದೇ ಗುಂಪಿನೊಳಗೆ ಬೇರೆ ಬೇರೆ ಕೋಣೆ ಸಿಗುತ್ತವೆ. ನೀವು ನಾಲ್ಕೇ ಮಾಡಿ: ರೋಗ-ಕೀಟ, ಗೊಬ್ಬರ-ಮಣ್ಣು, ಸಂತೆ, ಹರಟೆಕಟ್ಟೆ. ನಾನು ಜೋಶ್‌ನಲ್ಲಿ ಹದಿನಾಲ್ಕು ಮಾಡಿದ್ದೆ. ಜನ ಯಾವುದರಲ್ಲಿ ಹಾಕಬೇಕೋ ತಿಳಿಯದೆ ಸುಮ್ನೆ ಆದರು.

ಹರಟೆಕಟ್ಟೆ ಬೇಕೇ ಬೇಕು. ಗಿಡ ಬೆಳೆಸುವವರು ಬದನೆಕಾಯಿ ಕೊಯ್ದ ಮೇಲೆ ಎಣ್ಣೆಗಾಯಿ ಮಾಡಿದ ಫೋಟೋ ಹಾಕುತ್ತಾರೆ. ಅದು ವಿಷಯ ಬಿಟ್ಟ ಮಾತೇ, ಆದರೆ ಅದಿಲ್ಲದಿದ್ದರೆ ಗುಂಪು ಕಚೇರಿ ಥರ ಆಗುತ್ತದೆ. ಸೈಟು, ಎಣ್ಣೆ ಮಾರುವವರು ಬೇರೆ ಜಾತಿ. ಅವರಿಗೆ ಒಂದು ಎಚ್ಚರಿಕೆ, ಎರಡನೇ ಸಲ ಹೊರಗೆ. ಸಸಿ, ಕುಂಡ, ಕೋಕೋಪೀಟ್ ಮಾರುವವರಿಗೆ ಭಾನುವಾರ ಮಾತ್ರ ಸಂತೆ ತೆರೆಯಿರಿ. ಉಳಿದ ದಿನ ಆ ಟಾಪಿಕ್ ಕ್ಲೋಸ್ ಮಾಡಿಟ್ಟರೆ ಅಡ್ಮಿನ್ ಬಿಟ್ಟು ಯಾರಿಗೂ ಬರೆಯಲು ಬರುವುದಿಲ್ಲ.

ತಪ್ಪು ಕಡೆ ಬಿದ್ದ ಮೆಸೇಜನ್ನು ಎತ್ತಿ ಸರಿಯಾದ ಟಾಪಿಕ್‌ಗೆ ಇಡುವ ಗುಂಡಿ ಇಲ್ಲ. ಮೊದಲು ಅಲ್ಲಿಗೆ ಫಾರ್ವರ್ಡ್ ಮಾಡಿ, ಬರೆದವರ ಹೆಸರು ಹಾಗೇ ಉಳಿಯುತ್ತದೆ. ಆಮೇಲೆ ಹಳೆಯದನ್ನು ಅಳಿಸಿ. ಆಗಲೇ ಐದಾರು ಉತ್ತರ ಬಂದಿದ್ದರೆ ಬಿಟ್ಟುಬಿಡಿ, ಕೊಂಡಿ ತಪ್ಪುತ್ತದೆ. ಅಳಿಸಿದ ಮೇಲೆ ಅವರಿಗೆ ಖಾಸಗಿಯಾಗಿ ಒಂದು ಸಾಲು ಬರೆಯಿರಿ. ಕೈಪಿಡಿ ಕಳಿಸಿದವರಿಗೆ ಅದೊಂದು ಸಾಲು ಬಂದಿದ್ದರೆ ಬಹುಶಃ ಗುಂಪಿನಲ್ಲೇ ಇರುತ್ತಿದ್ದರು.

ಕರಿಬೇವು:
ನಡುವೆ ಬಂದೆ, ಕ್ಷಮಿಸಿ. ಸದಸ್ಯರು ಏನಾದರೂ ಕೆಟ್ಟದ್ದು ಹಾಕಿದರೆ ಅಡ್ಮಿನ್ ಮೇಲೆ ಕೇಸು ಬೀಳುತ್ತಾ? ಅದೇ ಭಯಕ್ಕೆ ನಾನು ಎಲ್ಲವನ್ನೂ ಅಳಿಸುತ್ತೇನೆ.

ಬಾಟ್‌ಭಟ್ಟ:
ಬೇರೆಯವರು ಬರೆದದ್ದಕ್ಕೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಎರಡೂ ವಾಟ್ಸ್ಆ್ಯಪ್ ಗುಂಪಿನ ಪ್ರಕರಣ. ಕೆಟ್ಟದ್ದು ಕಂಡರೆ ತೆಗೆಯಿರಿ. ಬದನೆಕಾಯಿ ಫೋಟೋಗೆ ಹೆದರಬೇಡಿ. ಇನ್ನೂ ಕೇಳಬೇಕಿದ್ದರೆ ಬೇರೆ ಎಳೆ ಶುರು ಮಾಡಿ, ಇಲ್ಲೇ ವಿಷಯ ಬಿಟ್ಟು ಹೋಗುವುದು ಬೇಡ.

ತಾರಸಿತೋಟ:
ಹತ್ತು ದಿನ ಆಯಿತು, ಹೇಳಿಹೋಗೋಣ ಅಂತ ಬಂದೆ. ಅಡ್ಮಿನ್ ಈಗ ಮೂವರು. ಫಾರ್ವರ್ಡ್ ಲಾಕ್ ತೆಗೆದೆ. ನಾಲ್ಕು ಟಾಪಿಕ್ ಇವೆ. ಆದರೂ ಹಿರಿಯರು ಕೆಲವರು ಬರೆದದ್ದೆಲ್ಲ, ಟೆಲಿಗ್ರಾಂ ತಾನಾಗಿಯೇ ಇಡುವ ಟಾಪಿಕ್ ಆದ ಜನರಲ್‌ಗೆ ಹೋಗುತ್ತಿತ್ತು.

ಎರೆಹುಳು:
ಅವರ ಫೋನಿನಲ್ಲಿ ‘ವ್ಯೂ ಆ್ಯಸ್ ಮೆಸೇಜಸ್’ ಒತ್ತಿರಬೇಕು. ಆಗ ಟಾಪಿಕ್ ಕಾಣದೆ ಎಲ್ಲ ಒಂದೇ ಸಾಲಾಗಿ ಬರುತ್ತದೆ. ನಮ್ಮ ಗುಂಪಿನಲ್ಲೂ ಹೀಗೇ ಆಗಿತ್ತು. ಮೂರು ಚುಕ್ಕಿ ಒತ್ತಿ ‘ವ್ಯೂ ಆ್ಯಸ್ ಟಾಪಿಕ್ಸ್’ ಮಾಡಿಸಿ.

ತಾರಸಿತೋಟ:
ಅದೇ ಆಗಿತ್ತು! ಸರಿಹೋಯಿತು. ಮಾವ ಫೋನ್ ಮಾಡಿ ‘ನನ್ನನ್ನ ಯಾಕೆ ತೆಗೆದೆ’ ಅಂದರು. ಹರಟೆಕಟ್ಟೆಯಲ್ಲಿ ಗುಲಾಬಿ ಹಾಕಿ ಮಾವ, ಒಂದೇ ಹಾಕಿ ಅಂದೆ. ಎರಡು ಹಾಕುತ್ತಿದ್ದಾರೆ. ಹಿಟ್ಟು ತಿಗಣೆಯ ಪ್ರಶ್ನೆಯನ್ನು ನಾನೇ ಹುಡುಕಿ ರೋಗ-ಕೀಟಕ್ಕೆ ಹಾಕಿದೆ. ಅರ್ಧ ಗಂಟೆಯಲ್ಲಿ ಬೇವಿನೆಣ್ಣೆ ಸಲಹೆ ಮೂರು ಬಂದವು. ಕೇಳಿದ್ದವರು ಅಷ್ಟರಲ್ಲಿ ಬೇಸತ್ತು ದಾಸವಾಳವನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿಬಿಟ್ಟಿದ್ದರು. ಈಗ ಚಿಗುರಿದೆಯಂತೆ.